ಸೈಕಲ್ ರೈಡ್‌ಗೆ ನಿಮ್ಮ ಹೆಸರು ಕೊಡುವ ಮುಂಚೆ ಏನೇನು ಗೊತ್ತಿರಬೇಕು? (ಶಿವಮೊಗ್ಗ–ತೀರ್ಥಹಳ್ಳಿ)

ತುಂಗಾತೀರದ_ಸೈಕಲ್:

ಎಲ್ಲರಿಗೂ ನಮಸ್ಕಾರ. ನನ್ನೂರು ಶಿವಮೊಗ್ಗ, ಹೈಸ್ಕೂಲಿನಲ್ಲಿ ಗಣಿತ ಟೀಚರ್. ವಾರಕ್ಕೆ ಮೂರು ದಿನ ಬೆಳಿಗ್ಗೆ ಗಾಜನೂರು ತನಕ ಸೈಕಲ್ ಹೊಡೆಯುವ ಏಳೆಂಟು ಜನರ ಗುಂಪು ನಮ್ಮದು. ಮಳೆಗಾಲ ಮುಗಿದ ಮೇಲೆ, ನವೆಂಬರ್‌ನ ಒಂದು ಭಾನುವಾರ, ಹೊರಗಿನವರನ್ನೂ ಕರೆದು ತೀರ್ಥಹಳ್ಳಿಗೆ ಹೋಗಿ ಬರೋಣ ಅಂತ ಮಾತಾಗಿದೆ. ಹೋಗಿ ಬಂದರೆ ಸುಮಾರು 120 ಕಿ.ಮೀ. ಗಾಡಿ, ನೀರು, ತಿಂಡಿ ಎಲ್ಲ ಬೇರೆಯವರ ಪಾಲಿಗೆ. ನೋಟಿಸ್ ಬರೆಯುವುದು ನನ್ನ ಪಾಲಿಗೆ ಬಂದಿದೆ.

ಅಲ್ಲೇ ನಾನು ನಿಂತುಬಿಟ್ಟಿದ್ದೇನೆ. ನಮ್ಮಲ್ಲಿ ಒಬ್ಬರು, ಒಂದು ಒಳ್ಳೆ ಫೋಟೊ, ತಾರೀಕು, ಫೀಸು, ಫೋನ್ ನಂಬರ್ ಹಾಕಿದರೆ ಸಾಕು, ಜಾಸ್ತಿ ಬರೆದರೆ ಯಾರೂ ಓದುವುದಿಲ್ಲ ಅನ್ನುತ್ತಾರೆ. ಇನ್ನೊಬ್ಬರು 9 ಪುಟದ ಪಿಡಿಎಫ್ ಮಾಡಿ ಕಳಿಸಿದ್ದಾರೆ. ಅದರಲ್ಲಿ ಒಂದು ಮಾತೂ ಸುಳ್ಳಿಲ್ಲ, ಒಂದು ಮಾತೂ ಬೇಡವಾದದ್ದಲ್ಲ. ಆದರೆ ಮೊದಲ ಸಲ ಬರುವವರು ಅದನ್ನು ನೋಡಿದರೆ, ಇದು ನಮ್ಮಂಥವರಿಗಲ್ಲ ಅಂದುಕೊಂಡು ಹಿಂದೆ ಸರಿಯಬಹುದು ಅಂತ ನನಗೆ ಅಳುಕು.

ಈ ವಿಷಯ ನನಗೆ ಯಾಕೆ ಇಷ್ಟು ಮುಖ್ಯ ಅಂತ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಬೇರೆ ಜಿಲ್ಲೆಯ ಒಂದು ರೈಡ್‌ಗೆ ಹೋಗಿದ್ದೆ. ಯಾರು ನಡೆಸಿದ್ದು ಅಂತ ಹೇಳುವುದಿಲ್ಲ, ಕೇಳಬೇಡಿ. ಪೋಸ್ಟರ್ ಮೇಲೆ ಇದ್ದದ್ದು ಇಷ್ಟೇ: 100 ಕಿ.ಮೀ., ಹಸಿರಿನ ನಡುವೆ, ಎಲ್ಲರಿಗೂ ಸ್ವಾಗತ, ದಾರಿಯುದ್ದಕ್ಕೂ ನೀರಿನ ವ್ಯವಸ್ಥೆ. ದಾರಿಯುದ್ದಕ್ಕೂ ನೀರು ಅಂದಮೇಲೆ ಒಂದೇ ಬಾಟಲಿ ಸಾಕು ಅಂತ ಒಂದನ್ನೇ ಸಿಕ್ಕಿಸಿಕೊಂಡು ಹೋದೆ. ನಾನು ನಿಧಾನ. ಏರಿನಲ್ಲಿ ಇನ್ನೂ ನಿಧಾನ. 70ನೇ ಕಿ.ಮೀ.ಗೆ ಬಂದಾಗ ಹನ್ನೆರಡೂವರೆ ಹತ್ತಿರ. ಬಾಟಲಿ ಖಾಲಿಯಾಗಿ ಎಷ್ಟೋ ಹೊತ್ತಾಗಿತ್ತು.

ಅಲ್ಲಿ ಟೇಬಲ್ ಇರಲಿಲ್ಲ. ಆದರೆ ಜಾಗ ಅದೇ ಅಂತ ಗೊತ್ತಾಯಿತು. ಹಲಸಿನ ಮರಕ್ಕೆ ಬ್ಯಾನರ್ ಕಟ್ಟಿದ್ದ ಪ್ಲಾಸ್ಟಿಕ್ ದಾರದ ತುಂಡು ಹಾಗೇ ನೇತಾಡುತ್ತಿತ್ತು. ಕೆಳಗೆ ಮಣ್ಣಿನ ಮೇಲೆ 20 ಲೀಟರ್ ಕ್ಯಾನ್ ಇಟ್ಟಿದ್ದ ದುಂಡನೆಯ ಒದ್ದೆ ಗುರುತು ಇನ್ನೂ ಆರಿರಲಿಲ್ಲ. ಅಂದರೆ ಹತ್ತು ನಿಮಿಷದ ಹಿಂದಷ್ಟೇ ಎತ್ತಿಕೊಂಡು ಹೋಗಿದ್ದರು. ನಂಬರಿಗೆ ಫೋನ್ ಮಾಡಿದೆ. "ಹನ್ನೆರಡೂಕಾಲಿಗೆ ಆ ಪಾಯಿಂಟ್ ಕ್ಲೋಸ್ ಅಲ್ವಾ ಮೇಡಂ, ಎಲ್ಲರಿಗೂ ಗೊತ್ತಿತ್ತು" ಅಂದರು. ನನಗೆ ಗೊತ್ತಿರಲಿಲ್ಲ. ಅವರ ಗುಂಪಿನವರಿಗೆ ಗೊತ್ತಿತ್ತು, ಬಾಯಿಂದ ಬಾಯಿಗೆ.

ಅರ್ಧ ಕಿ.ಮೀ. ಮುಂದೆ ಒಂದು ಮನೆ ಸಿಕ್ಕಿತು. ಒಬ್ಬರು ಅಜ್ಜಿ ಚೊಂಬಿನ ತುಂಬ ಮಜ್ಜಿಗೆ ಕೊಟ್ಟರು. ಶುಂಠಿ ಜಜ್ಜಿ ಹಾಕಿದ್ದರು. ಬಾಟಲಿಗೆ ಬಾವಿ ನೀರು ತುಂಬಿಸಿಕೊಟ್ಟು, "ನಿನ್ನ ಕಳ್ಸಿದೋರು ಯಾರೇ ಮಾರಾಯ್ತಿ?" ಅಂತ ಕೇಳಿದರು. ಆ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗಿಲ್ಲ. ಈಗ ಕಳಿಸುವವರ ಜಾಗದಲ್ಲಿ ನಾನೇ ಇದ್ದೇನೆ.

ನಮ್ಮ ದಾರಿಯ ಬಗ್ಗೆಯೂ ಒಂದು ಮಾತು. ಶಿವಮೊಗ್ಗ ಬಿಟ್ಟರೆ ಗಾಜನೂರು, ಸಕ್ರೆಬೈಲು, ಸುಮಾರು 30 ಕಿ.ಮೀ.ಗೆ ಮಂಡಗದ್ದೆ, 60ಕ್ಕೆ ತೀರ್ಥಹಳ್ಳಿ. ಪಕ್ಕದಲ್ಲೇ ತುಂಗೆ. ಎರಡೂ ಊರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ಹಾಗಾಗಿ ನಕ್ಷೆ ನೋಡಿದವರಿಗೆ ಸಪಾಟು ಅನ್ನಿಸುತ್ತದೆ. ಹೋಗಿ ನೋಡಿ! ಹತ್ತು, ಇಳಿ, ತಿರುಗು, ಮತ್ತೆ ಹತ್ತು. ಕಾಲಿಗೆ ಬಿಡುವೇ ಇಲ್ಲ. ಘಾಟಿ ಏನೂ ಇಲ್ಲ ಅಂತ ಬರೆದರೆ ಅದು ನಿಜ, ಆದರೆ ಓದಿದವರು ಮೋಸ ಹೋಗುತ್ತಾರೆ. ಇಂಥದ್ದನ್ನು ಹೇಗೆ ಬರೆಯಬೇಕು?

ಇನ್ನೊಂದು, ಹೆಂಗಸರು ಕೇಳಲು ಹಿಂಜರಿಯುವುದು: ಟಾಯ್ಲೆಟ್ ಎಲ್ಲಿದೆ? ನಾನು ಹೋದ ಒಂದು ರೈಡ್‌ನ ನೋಟಿಸ್‌ನಲ್ಲೂ ಇದನ್ನು ಬರೆದಿದ್ದು ನೋಡಿಲ್ಲ. ಬರೆಯದೇ ಇದ್ದರೆ ನಾವು ಏನು ಮಾಡುತ್ತೇವೆ ಗೊತ್ತಾ? ನೀರು ಕಡಿಮೆ ಕುಡಿಯುತ್ತೇವೆ. ಬಿಸಿಲಲ್ಲಿ, 120 ಕಿ.ಮೀ.

ಹೇಳಿ, ದುಡ್ಡು ಕಟ್ಟುವ ಮುಂಚೆ ನಿಮಗೆ ಗೊತ್ತಿರಲೇಬೇಕಾದದ್ದು ಯಾವುದು? ಯಾವುದು ಇಲ್ಲದಿದ್ದರೂ ನಡೆಯುತ್ತದೆ? ಯಾವುದನ್ನು ಓದಿ ಬೇಡ ಅಂತ ಬಿಟ್ಟಿದ್ದೀರಿ?

ಹುಬ್ಬಳ್ಳಿ_ಬ್ರೆವೆ:

ಮೇಡಂ, ಒಳ್ಳೆ ಪ್ರಶ್ನೆ. ನಾನು ಬಿಆರ್‌ಎಂಗೆ, ಅಂದರೆ ಗೊತ್ತುಮಾಡಿದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ರೈಡ್‌ಗಳಿಗೆ ಹೋಗುವವನು. ಅವನ್ನೇ ಬ್ರೆವೆ ಅನ್ನುವುದು. ಅಲ್ಲಿಂದಲೇ ಹೇಳುತ್ತೇನೆ.

ಬ್ರೆವೆಗಳಲ್ಲಿ ಹೊತ್ತಿನ ಲೆಕ್ಕ ಎಲ್ಲಾ ದೇಶದಲ್ಲೂ ಒಂದೇ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಇದು ಹೆಸರು ಕೊಡುವ ಮುಂಚೆಯೇ ಗೊತ್ತು. ಮುಖ್ಯವಾದದ್ದು ಏನೆಂದರೆ, ಕೊನೆಯ ಹೊತ್ತು ಮಾತ್ರ ಅಲ್ಲ, ನಡುವಿನ ಪ್ರತಿ ಕಂಟ್ರೋಲ್‌ಗೂ (ಬಂದು ಹೋದದ್ದಕ್ಕೆ ಗುರುತು ಹಾಕಿಸಿಕೊಳ್ಳುವ ಜಾಗ) ತೆರೆಯುವ ಹೊತ್ತು, ಮುಚ್ಚುವ ಹೊತ್ತು ಇರುತ್ತದೆ. ಬ್ರೆವೆ ಕಾರ್ಡ್ ಮೇಲೆ ಬರೆದಿರುತ್ತದೆ. 120ನೇ ಕಿ.ಮೀ.ಯ ಕಂಟ್ರೋಲ್ ಹೊರಟು 8 ಗಂಟೆ ಕಳೆದ ಮೇಲೆ ಮುಚ್ಚುತ್ತದೆ ಅಂತ ಗೊತ್ತಿದ್ದರೆ, 90ನೇ ಕಿ.ಮೀ.ಯಲ್ಲಿ ಟೀ ಕುಡಿಯುವುದಾ ಬೇಡವಾ ಅಂತ ನಾನೇ ತೀರ್ಮಾನ ಮಾಡುತ್ತೇನೆ. ನಿಮಗೆ ಆ ದಿನ ಆ ಲೆಕ್ಕ ಮಾಡುವ ಅವಕಾಶವನ್ನೇ ಕೊಡಲಿಲ್ಲ. ತಪ್ಪು ಅದು.

ಎರಡನೆಯದು, ಸಹಾಯ ಎಷ್ಟು ಅನ್ನುವುದು. ಬ್ರೆವೆಯಲ್ಲಿ ಪಂಕ್ಚರ್ ಆದರೆ ನೀನೇ ಹಾಕಿಕೊ, ಹಸಿವಾದರೆ ನೀನೇ ಹುಡುಕಿಕೊ. ಹೊರಗಿನವರ ಸಹಾಯ ತಗೊಂಡರೆ ಕಂಟ್ರೋಲ್‌ನಲ್ಲಿ ಮಾತ್ರ. ಇದು ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎರಡು ಟ್ಯೂಬ್, ಪಂಪ್, ಟೈರ್ ಬಿಚ್ಚುವ ಲಿವರ್ ಇಟ್ಟುಕೊಂಡೇ ಬರುತ್ತೇವೆ. ನಿಮ್ಮ ರೈಡ್‌ನಲ್ಲಿ ಹಿಂದೆ ಗಾಡಿ ಇದೆಯಾ? ಅದರಲ್ಲಿ ಎಷ್ಟು ಸೈಕಲ್ ಹಿಡಿಯುತ್ತದೆ? ಮೆಕ್ಯಾನಿಕ್ ಇದ್ದಾರಾ? ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ.

ರಸ್ತೆಯನ್ನು ಒಂದು ವಾರ ಮುಂಚೆ ದಯವಿಟ್ಟು ಸೈಕಲ್ ಮೇಲೆ ಹೋಗಿ ನೋಡಿ, ಕಾರಲ್ಲಿ ಬೇಡ. ಕಾರಲ್ಲಿ ಕೂತವರಿಗೆ ತಿರುವಿನ ಒಳಬದಿಯ ಸಣ್ಣ ಜಲ್ಲಿ ಕಾಣುವುದಿಲ್ಲ. ಮಳೆಗಾಲ ಕಳೆದ ಮೇಲೆ ಅದೇ ಜಾಸ್ತಿ ಇರುವುದು. ಬಿಳಿ ಪಟ್ಟೆ ಇಲ್ಲದ ಹಂಪ್ ಕೂಡ. ನನ್ನ ಕಾಲರ್ ಬೋನ್ ಮುರಿದದ್ದು ಅಂಥ ಒಂದು ಹಂಪ್‌ನಲ್ಲಿ, ಬೆಳಗಿನ ಜಾವ, ಇಳಿಜಾರಿನ ಕೊನೆಗೆ.

ಭದ್ರಾವತಿ_22ಇಂಚು:

ಅಕ್ಕ, ನಾನು ಇನ್ನೂ ಒಂದು ರೈಡ್‌ಗೂ ಹೆಸರು ಕೊಟ್ಟವನಲ್ಲ. ಹಾಗಾಗಿ ಹೊರಗೆ ನಿಂತು ನೋಡುವವರ ಕಡೆಯಿಂದ ಹೇಳುತ್ತೇನೆ.

ನನ್ನದು ಗೇರ್ ಇಲ್ಲದ ಸೈಕಲ್. ಫ್ಯಾಕ್ಟರಿ ಕೆಲಸಕ್ಕೆ ದಿನಾ ಅದರಲ್ಲೇ ಹೋಗುತ್ತೇನೆ. ಭಾನುವಾರ 60–70 ಕಿ.ಮೀ. ಹೊಡೆದಿದ್ದೂ ಇದೆ. ಪೋಸ್ಟರ್‌ನ ಫೋಟೊದಲ್ಲಿ ಎಲ್ಲರೂ ಟೈಟ್ ಬಟ್ಟೆ, ತೆಳು ಚಕ್ರದ ಸೈಕಲ್. ಕೆಳಗೆ "ಎಲ್ಲರಿಗೂ ಸ್ವಾಗತ" ಅಂತ ಇರುತ್ತದೆ. ಆ ಎಲ್ಲರಲ್ಲಿ ನಾನು ಇದ್ದೀನಾ ಅಂತ ಗೊತ್ತಾಗುವುದಿಲ್ಲ. ಫೋನ್ ಮಾಡಿ ಕೇಳಲು ನಾಚಿಕೆ. "ಗೇರ್ ಇಲ್ಲದ ಸೈಕಲ್ ಕೂಡ ನಡೆಯುತ್ತದೆ, ಬ್ರೇಕ್ ಸರಿ ಇರಬೇಕು" ಅಂತ ಒಂದು ಸಾಲು ಇದ್ದರೆ ನಾನು ಅವತ್ತೇ ಹೆಸರು ಕೊಡುತ್ತೇನೆ.

ಫೀಸು ಎಷ್ಟು ಅನ್ನುವುದರ ಜೊತೆ ಅದಕ್ಕೆ ಏನೇನು ಸಿಗುತ್ತದೆ ಅಂತಲೂ ಬೇಕು. ಜೆರ್ಸಿ ಬೇಡ, ಮೆಡಲ್ ಬೇಡ ಅಂದರೆ ಕಡಿಮೆ ಆಗುತ್ತಾ? ನನಗೆ ಶಿಫ್ಟ್ ಬದಲಾದರೆ ದುಡ್ಡು ವಾಪಸ್ ಬರುತ್ತಾ? 600 ರೂಪಾಯಿ ನನಗೆ ಒಂದು ದಿನದ ಸಂಬಳದ ಹತ್ತಿರ. ಬ್ಯಾಗ್ ಇಡಲು ಜಾಗ ಇದೆಯಾ ಅಂತಲೂ ಬರೆಯಿರಿ. ನಾನು ಭದ್ರಾವತಿಯಿಂದ ಸೈಕಲ್‌ನಲ್ಲೇ ಬರುವವನು, ಬೆವರಿದ ಬಟ್ಟೆ ಬದಲಿಸಬೇಕು.

ಇನ್ನೊಂದು ಭಯ ಹೇಳಲಾ? ಕೊನೆಯವನಾಗಿ ಬಂದರೆ ಏನಾಗುತ್ತದೆ ಅಂತ. ನಿಮಗೆ ಆದದ್ದು ಓದಿದ ಮೇಲೆ ಆ ಭಯ ಸುಳ್ಳಲ್ಲ ಅನ್ನಿಸಿತು.

ಚಾಮುಂಡಿ_ಏರು:

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಜಾಸ್ತಿ ಮಾಹಿತಿ ಜನರನ್ನು ಓಡಿಸುವುದನ್ನು ಕಣ್ಣಾರೆ ನೋಡಿದ್ದೇನೆ.

ನನ್ನ ತಂಗಿ ಪ್ರತಿ ಭಾನುವಾರ ಚಾಮುಂಡಿ ಬೆಟ್ಟ ಹತ್ತುತ್ತಾಳೆ. ಒಂದು ರೈಡ್‌ಗೆ ಕರೆದೆ, ಎತ್ತರದ ಗ್ರಾಫ್ ಕಳಿಸಿದೆ. ನೋಡಿ ಬೇಡವೇ ಬೇಡ ಅಂದಳು. ಯಾಕೆ ಅಂತ ನೋಡಿದರೆ, 130 ಕಿ.ಮೀ. ದಾರಿಯನ್ನು ಮೊಬೈಲ್‌ನ ಅಗಲಕ್ಕೆ, ಅಂದರೆ ನಾಲ್ಕು ಬೆರಳಿನಷ್ಟಕ್ಕೆ ಕುಗ್ಗಿಸಿದ್ದಾರೆ. ಎತ್ತರವನ್ನು ಮಾತ್ರ ಹಿಗ್ಗಿಸಿದ್ದಾರೆ. ಸಾಮಾನ್ಯ ಏರು ಕೂಡ ಗೋಡೆ ಹಾಗೆ ಕಾಣುತ್ತಿತ್ತು. ಗರಗಸದ ಹಲ್ಲು ಇದ್ದ ಹಾಗೆ. ಅವಳು ವಾರಾವಾರ ಹತ್ತುವ ಬೆಟ್ಟಕ್ಕಿಂತ ಕಡಿದಾದ ಏರು ಆ ದಾರಿಯಲ್ಲಿ ಒಂದೂ ಇರಲಿಲ್ಲ! "ಒಟ್ಟು ಸೇರಿಸಿದರೆ ಮೂರು ಸಲ ಚಾಮುಂಡಿ ಬೆಟ್ಟ ಹತ್ತಿದಷ್ಟು, ಆದರೆ ಇಡೀ ದಿನದಲ್ಲಿ ಹಂಚಿಕೊಂಡು" ಅಂದೆ. ಹಾಗಾದರೆ ಬರುತ್ತೇನೆ ಅಂದಳು, ಬಂದಳು, ಮುಗಿಸಿದಳು.

ಆದ್ದರಿಂದ ಬರೀ "900 ಮೀಟರ್ ಏರು" ಅಂತ ಬರೆದರೆ ಹೊಸಬರಿಗೆ ಏನೂ ತಿಳಿಯುವುದಿಲ್ಲ. ನಿಮ್ಮ ಕಡೆಯವರಿಗೆ ಕಾಲಿಗೆ ಗೊತ್ತಿರುವ ಏರು ಯಾವುದೋ ಅದರ ಲೆಕ್ಕದಲ್ಲಿ ಹೇಳಿ. ಮತ್ತೆ ಎಷ್ಟು ಏರು ಅಂತ ಎಣಿಸಿ ಹೇಳಿ. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ಪ್ರತಿ ತಿರುವಿಗೂ ನಂಬರ್ ಬೋರ್ಡ್ ಇದೆ. ನಾನು ಹತ್ತಿದ ದಾರಿಗಳಲ್ಲೇ ಕಷ್ಟದ್ದು ಅದು. ಆದರೆ ಎಲ್ಲಿದ್ದೇನೆ, ಇನ್ನೆಷ್ಟು ಉಳಿದಿದೆ ಅಂತ ಪ್ರತಿ ತಿರುವಿನಲ್ಲೂ ಗೊತ್ತಾಗುತ್ತಿತ್ತು. 22 ದಾಟಿದೆ, 23 ಬಂತು ಅಂತ ಹೇಳಿಕೊಂಡೇ ಹತ್ತಿದೆ. ಕೊನೆ ಗೊತ್ತಿಲ್ಲದ ಸಣ್ಣ ಏರು ಅದಕ್ಕಿಂತ ಜಾಸ್ತಿ ಸುಸ್ತು ಮಾಡುತ್ತದೆ.

ತುಂಗಾತೀರದ_ಸೈಕಲ್:

@ಚಾಮುಂಡಿ_ಏರು, ಗ್ರಾಫ್‌ನ ಮಾತು ಓದಿ ಕಣ್ಣು ತೆರೆಯಿತು ಸರ್. ಎರಡು ಅಕ್ಷಕ್ಕೆ ಎರಡು ಅಳತೆ ಹಾಕಿದರೆ ಚಿತ್ರ ಸುಳ್ಳು ಹೇಳುತ್ತದೆ ಅಂತ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಾನೇ ಪಾಠ ಮಾಡುತ್ತೇನೆ. ನಮ್ಮ 9 ಪುಟದ ಪಿಡಿಎಫ್‌ನಲ್ಲಿ ಅಂಥದ್ದೇ ಗ್ರಾಫ್ ಇದೆ, ನನಗೆ ಹೊಳೆದೇ ಇರಲಿಲ್ಲ. ತೆಗೆಸುತ್ತೇನೆ. ಬದಲಿಗೆ ಮುಂದಿನ ಭಾನುವಾರ ಮಂಡಗದ್ದೆಯಿಂದ ತೀರ್ಥಹಳ್ಳಿ ತನಕ ಏರುಗಳನ್ನು ಎಣಿಸಿಕೊಂಡು ಬರುತ್ತೇನೆ.

@ಭದ್ರಾವತಿ_22ಇಂಚು, ತಮ್ಮಾ, ಆ ಎಲ್ಲರಲ್ಲಿ ನೀನು ಇದ್ದೀಯ. ನಮ್ಮ ಗುಂಪಿನಲ್ಲೇ ಒಬ್ಬರದು ಗೇರ್ ಇಲ್ಲದ ಸೈಕಲ್. ಅವರ ಸೈಕಲ್ ಫೋಟೊವನ್ನೇ ಪೋಸ್ಟರ್‌ಗೆ ಹಾಕಿಸುತ್ತೇನೆ.

ಸಾಗರದಿಂದ_ಇಂಗ್ಲೆಂಡ್:

ನಾನು ಸಾಗರದವಳು, ಈಗ ಇಂಗ್ಲೆಂಡಿನಲ್ಲಿದ್ದೇನೆ. ತೀರ್ಥಹಳ್ಳಿ ರಸ್ತೆ ಅಂತ ಓದಿದ ತಕ್ಷಣ ಮನೆ ನೆನಪಾಯಿತು.

ಇಲ್ಲಿ ದೂರದ ಸೈಕಲ್ ರೈಡ್‌ಗಳಿಗೆ ಆಡಾಕ್ಸ್ ಯುಕೆ ಅಂತ ಸಂಸ್ಥೆ ಇದೆ. ಅವರ ಕ್ಯಾಲೆಂಡರ್‌ನಲ್ಲಿ ಒಂದು ರೈಡ್‌ಗೆ ಸಿಗುವುದು ನಾಲ್ಕೈದು ಸಾಲು ಅಷ್ಟೇ. ಆದರೆ ಆ ಸಾಲುಗಳಲ್ಲಿ ಎಲ್ಲಾ ಇರುತ್ತದೆ. ದೂರ, ಹೊರಡುವ ಜಾಗ, ಹೊತ್ತು, ಫೀಸು, ಏರು ಎಷ್ಟು ಮೀಟರ್, ಕನಿಷ್ಠ ವೇಗ, ಗರಿಷ್ಠ ವೇಗ. ಜೊತೆಗೆ ಒಂದೊಂದೇ ಅಕ್ಷರದ ಗುರುತು. ಟಿ ಅಂದರೆ ಹೊರಡುವಲ್ಲಿ ಟಾಯ್ಲೆಟ್ ಇದೆ. ಪಿ ಅಂದರೆ ಕಾರ್ ನಿಲ್ಲಿಸಲು ಜಾಗ. ಎಫ್ ಅಂದರೆ ದಾರಿಯಲ್ಲಿ ಸ್ವಲ್ಪ ಊಟ, ಪಾನೀಯ ಅವರದೇ. ಜಿ ಅಂದರೆ ಜಿಪಿಎಸ್ ಫೈಲ್ ಕೊಡುತ್ತಾರೆ. ಝಡ್ ಅಂದರೆ ನಡುವೆ ಮಲಗಲು ವ್ಯವಸ್ಥೆ ಇದೆ.

ನನಗೆ ತುಂಬಾ ಇಷ್ಟವಾದ ಅಕ್ಷರ ಎಕ್ಸ್. ಕೆಲವು ಕಡೆ ನಿಲ್ಲುವ ಜಾಗದಲ್ಲಿ ಸೌಕರ್ಯ ಬಹಳ ಕಡಿಮೆ ಅಂತ ಅದರ ಅರ್ಥ. ಬಂದು ಮೊದಲ ವರ್ಷ ಎಕ್ಸ್ ಇರುವ ರೈಡ್ ಬಿಟ್ಟುಬಿಡುತ್ತಿದ್ದೆ. ಆಮೇಲೆ ಅಂಥದ್ದಕ್ಕೇ ಧೈರ್ಯವಾಗಿ ಹೋಗತೊಡಗಿದೆ. ಯಾಕಂದರೆ ಇಲ್ಲ ಅಂತ ಮುಂಚೆಯೇ ಹೇಳಿದ್ದಾರೆ, ನಾನು ಚಪಾತಿ ಸುತ್ತಿಕೊಂಡು ಹೋಗುತ್ತೇನೆ. ಇದೆ ಅಂತ ನಂಬಿ ಹೋಗಿ ಇಲ್ಲದೆ ಆಗುವುದು ಕಷ್ಟ. ಇಲ್ಲ ಅಂತ ಗೊತ್ತಿದ್ದು ಹೋಗುವುದು ಕಷ್ಟವಲ್ಲ.

ಟಾಯ್ಲೆಟ್ ವಿಷಯ ಬರೆದದ್ದಕ್ಕೆ ಥ್ಯಾಂಕ್ಸ್ ಮೇಡಂ. ಊರಲ್ಲಿದ್ದಾಗ ನಾನೂ ನೀರು ಕುಡಿಯದೇ ಸೈಕಲ್ ಹೊಡೆದವಳೇ. ಎಲ್ಲಿದೆ ಅಂತ ಬರೆಯುವುದರ ಜೊತೆ, ಎಷ್ಟು ಹೊತ್ತಿನ ತನಕ ತೆರೆದಿರುತ್ತದೆ, ಒಳಗಿಂದ ಚಿಲಕ ಬೀಳುತ್ತದಾ ಅಂತಲೂ ನೋಡಿ.

ಇನ್ನೊಂದು ಸಲಹೆ. ಎಲ್ಲವನ್ನೂ ಒಂದೇ ದಿನ ಹೇಳಬೇಕಾಗಿಲ್ಲ. ದುಡ್ಡು ಕಟ್ಟುವ ಮುಂಚೆ ಬೇಕಾದದ್ದು ಬೇರೆ, ಬ್ಯಾಗ್ ತುಂಬುವ ಮುಂಚೆ ಬೇಕಾದದ್ದು ಬೇರೆ. ಜಲ್ಲಿ, ಹಂಪ್, ಮಂಜು ಇದೆಲ್ಲ ಎರಡು ತಿಂಗಳು ಮುಂಚೆ ಬರೆದರೆ ಯಾರಿಗೂ ಉಪಯೋಗವಿಲ್ಲ. ಹೊರಡುವ ಮುಂಚಿನ ವಾರಕ್ಕೆ ಇಟ್ಟುಕೊಳ್ಳಿ.

ಹುಬ್ಬಳ್ಳಿ_ಬ್ರೆವೆ:

ಅದು ಸರಿ. ಆದರೆ ಹೊತ್ತಿನ ಮಿತಿಯನ್ನು ಮಾತ್ರ ದುಡ್ಡು ಕಟ್ಟಿಸಿಕೊಂಡ ಮೇಲೆ ಹೇಳಬೇಡಿ.

ತುಂಗಾತೀರದ_ಸೈಕಲ್:

ಹೇಳುವುದಿಲ್ಲ ಸರ್. ನಿನ್ನೆ ಸಂಜೆ ಗುಂಪಿನವರೆಲ್ಲ ಕೂತು ನಿಮ್ಮೆಲ್ಲರ ಮಾತು ಓದಿದೆವು. 9 ಪುಟ ಮಾಡಿದವರೂ ಇದ್ದರು, ಒಂದೇ ಫೋಟೊ ಸಾಕು ಅಂದವರೂ ಇದ್ದರು. ಕೊನೆಗೆ ಒಂದು ಹಾಳೆ, ಹಿಂದೆ ಮುಂದೆ ಅಂತಾಯಿತು. ಮುಂದಿನ ಮಗ್ಗುಲಲ್ಲಿ ಬರುವುದನ್ನು ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ಹೇಳಿ.

"ಬೆಳಿಗ್ಗೆ 6.30ಕ್ಕೆ ಹೊರಡುವುದು. ಒಟ್ಟು ಸುಮಾರು 120 ಕಿ.ಮೀ., 9 ಗಂಟೆ ಸಮಯ. ಮಂಡಗದ್ದೆ 8.45ರ ಒಳಗೆ, ತೀರ್ಥಹಳ್ಳಿ 11ರ ಒಳಗೆ, ವಾಪಸ್ ಮಂಡಗದ್ದೆ 1.15ರ ಒಳಗೆ, ಶಿವಮೊಗ್ಗ 3.30ರ ಒಳಗೆ. ಹೊತ್ತು ಮೀರಿದರೂ ನೀರಿನ ಕ್ಯಾನ್ ತೆಗೆಯುವುದಿಲ್ಲ. ಕೊನೆಯ ಸವಾರರ ಹಿಂದೆ ನಮ್ಮ ಗಾಡಿ ಬರುತ್ತದೆ. ಅದು ಬಂದ ಮೇಲೆಯೇ ಟೇಬಲ್ ಎತ್ತುವುದು. ಗಾಡಿಯಲ್ಲಿ ನಾಲ್ಕು ಸೈಕಲ್ ಹಿಡಿಯುತ್ತದೆ. ಮೆಕ್ಯಾನಿಕ್ ಇಲ್ಲ. ಒಂದು ಟ್ಯೂಬ್, ಪಂಪ್ ನಿಮ್ಮ ಹತ್ತಿರ ಇರಲಿ. ಹಾಕಲು ಬರದಿದ್ದರೆ ನಾವು ಹಾಕಿಕೊಡುತ್ತೇವೆ. ಘಾಟಿ ಇಲ್ಲ, ಆದರೆ ಸಪಾಟು ದಾರಿ ಅಲ್ಲ. ಸಣ್ಣ ಏರಿಳಿತ ಬಿಡದೆ ಬರುತ್ತದೆ. ಗೇರ್ ಇಲ್ಲದ ಸೈಕಲ್ ನಡೆಯುತ್ತದೆ. ಎರಡೂ ಬ್ರೇಕ್, ಹೆಲ್ಮೆಟ್, ಹಿಂದೆ ಕೆಂಪು ದೀಪ ಕಡ್ಡಾಯ. ಫೀಸು 350. ತಿಂಡಿ, ನೀರು, ಬಾಳೆಹಣ್ಣು, ಓಆರ್‌ಎಸ್ ಸೇರಿದೆ. ಜೆರ್ಸಿ ಇಲ್ಲ, ಮೆಡಲ್ ಇಲ್ಲ. ಮೂರು ದಿನ ಮುಂಚೆ ತಿಳಿಸಿದರೆ ಪೂರ್ತಿ ದುಡ್ಡು ವಾಪಸ್."

ಹಿಂದಿನ ಮಗ್ಗುಲು ಖಾಲಿ ಇಟ್ಟಿದ್ದೇವೆ. ರೈಡ್‌ನ ಮುಂಚಿನ ಭಾನುವಾರ ಸೈಕಲ್ ಮೇಲೆ ಹೋಗಿ ನೋಡಿ, ಎಷ್ಟನೇ ಕಿ.ಮೀ.ಯಲ್ಲಿ ಜಲ್ಲಿ, ಎಲ್ಲಿ ಪಟ್ಟೆ ಇಲ್ಲದ ಹಂಪ್, ಯಾವ ಅಂಗಡಿ ಬೆಳಿಗ್ಗೆ ತೆರೆದಿರುತ್ತದೆ ಅಂತ ಬರೆದು ಎಲ್ಲರಿಗೂ ಕಳಿಸುತ್ತೇವೆ.

ಟಾಯ್ಲೆಟ್ ಸಾಲು ಮಾತ್ರ ಇನ್ನೂ ಬರೆದಿಲ್ಲ. ಹೊರಡುವಲ್ಲಿ ಇದೆ, ತೀರ್ಥಹಳ್ಳಿಯಲ್ಲಿ ತಿಂಡಿಗೆ ಮಾತಾಡಿರುವ ಹೋಟೆಲಿನಲ್ಲಿ ಇದೆ. ನಡುವೆ, ಮಂಡಗದ್ದೆ ಕಡೆ, ಒಂದು ಬೇಕೇ ಬೇಕು. ಆ ಕಡೆಯ ಶಾಲೆಯೊಂದರಲ್ಲಿ ನನ್ನ ಜೊತೆ ಬಿ.ಇಡಿ. ಓದಿದವರು ಇದ್ದಾರೆ. ಭಾನುವಾರ ಶಾಲೆಗೆ ಬೀಗ. ಬೆಳಿಗ್ಗೆ 7.30ರಿಂದ ಮಧ್ಯಾಹ್ನ ನಮ್ಮ ಗಾಡಿ ದಾಟುವ ತನಕ ಹೆಣ್ಣುಮಕ್ಕಳ ಟಾಯ್ಲೆಟ್‌ನ ಬೀಗದ ಕೈ ಕೊಡಿಸುತ್ತಾರಾ ಅಂತ ನಾಳೆ ಶಾಲೆ ಬಿಟ್ಟ ಮೇಲೆ ಹೋಗಿ ಕೇಳುತ್ತೇನೆ. ಚಿಲಕವನ್ನೂ ನೋಡಿಕೊಂಡು ಬರುತ್ತೇನೆ.